ತಮ್ಮನಿಗೆ ‘ದಿ ಲಾಂಗ್ ನೈಟ್’ ತೋರಿಸಬೇಕು: ಅವತ್ತು ನನಗಾದ ಬೇಜಾರು ಕತ್ತಲೆಯಿಂದಲೋ, ಕಥೆಯಿಂದಲೋ?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಗೇಮ್ ಆಫ್ ಥ್ರೋನ್ಸ್ ಅನ್ನುವ ಇಂಗ್ಲಿಷ್ ಫ್ಯಾಂಟಸಿ ಟಿವಿ ಸೀರೀಸ್ ಇನ್ನೂ ನೋಡದವರು ದಯವಿಟ್ಟು ಇಲ್ಲೇ ನಿಲ್ಲಿಸಿ, ಕೆಳಗೆ ಎಲ್ಲಾ ಬಯಲಾಗುತ್ತದೆ.

ನನ್ನ ತಮ್ಮ ಡಿಗ್ರಿ ಮುಗಿಸಿ ಮನೆಯಲ್ಲಿದ್ದಾನೆ. ಎರಡು ತಿಂಗಳಿಂದ ಈ ಸೀರೀಸ್ ಹಿಡಿದು ಕೂತು ಎಂಟನೇ ಸೀಸನ್‌ಗೆ ಬಂದುಬಿಟ್ಟಿದ್ದಾನೆ. ಶನಿವಾರ ರಾತ್ರಿ ಮೂರನೇ ಎಪಿಸೋಡ್ ‘ದಿ ಲಾಂಗ್ ನೈಟ್’, ಅಂದರೆ ಸತ್ತವರ ಸೈನ್ಯ ಮುತ್ತುವ ವಿಂಟರ್‌ಫೆಲ್ ಕೋಟೆಯ ಯುದ್ಧ. “ನೀನೂ ಜೊತೆಗೆ ಕೂತ್ಕೋ ಅಕ್ಕಾ” ಅಂದ. ನನಗೆ ಆ ಎಪಿಸೋಡ್ ಅಂದರೆ ಒಂಥರಾ ಹಳೇ ಗಾಯ.

2019ರ ಏಪ್ರಿಲ್ 29, ಸೋಮವಾರ. ಅಮೆರಿಕದಲ್ಲಿ ಭಾನುವಾರ ರಾತ್ರಿ ಬರುವ ಹೊತ್ತಿಗೇ ನಮಗೆ ಬೆಳಿಗ್ಗೆ ಆರೂವರೆಗೆ ಬರುತ್ತಿತ್ತು. ಬೆಂಗಳೂರಿನ ಪಿಜಿ ರೂಮು, ಪೂರ್ವಕ್ಕೆ ಕಿಟಕಿ, ಕರ್ಟನ್ ಇಲ್ಲ. ನಾಲ್ಕು ಜನ ಹುಡುಗಿಯರು, ಒಂದು ಲ್ಯಾಪ್‌ಟಾಪ್. ಎಂಟು ಗಂಟೆಗೆ ನನ್ನ ಕ್ಯಾಬ್, ಎಪಿಸೋಡ್ 82 ನಿಮಿಷ. ಬಿಸಿಲು ನೇರ ಪರದೆ ಮೇಲೆ ಬಿದ್ದು ಯುದ್ಧಕ್ಕಿಂತ ನಮ್ಮ ನಾಲ್ಕು ಮುಖಗಳೇ ಜಾಸ್ತಿ ಕಾಣುತ್ತಿದ್ದವು. ಯಾರು ಸತ್ತರು, ಯಾರು ಬದುಕಿದರು ಅಂತ ಒಬ್ಬರನ್ನೊಬ್ಬರು ಕೇಳಿಕೊಂಡೇ ನೋಡಿದೆವು. ಕೊನೆಗೆ ಆ ಕೋಟೆಯ ಮನೆಮಗಳು ಆರ್ಯಾ ಎಲ್ಲಿಂದಲೋ ಹಾರಿ ಬಂದಳು, ಸತ್ತವರ ಸೈನ್ಯದ ಒಡೆಯ ನೈಟ್ ಕಿಂಗ್ ಪುಡಿಯಾದ, ಮುಗೀತು. ಎಂಟು ವರ್ಷ ಕಾದಿದ್ದು ಇದಕ್ಕಾ ಅಂತ ಕ್ಯಾಬ್‌ನಲ್ಲಿ ಕೂತು ನಿಜವಾಗಲೂ ಅಳು ಬಂದಿತ್ತು. ಆಮೇಲೆ ಅದನ್ನು ಒಂದು ಸಲವೂ ಮತ್ತೆ ನೋಡಿಲ್ಲ.

ನನ್ನ ಪ್ರಶ್ನೆ ಎರಡು. ಒಂದು, ಅದನ್ನು ಸರಿಯಾಗಿ ಕಾಣುವ ಹಾಗೆ ನೋಡೋದು ಹೇಗೆ? ಮನೆಯಲ್ಲಿ ಈಗ ದೊಡ್ಡ ಟಿವಿ ಇದೆ. ಇನ್ನೊಂದು, ಚೆನ್ನಾಗಿ ಕಂಡವರಿಗೂ ನನ್ನ ಹಾಗೇ ಮೋಸ ಹೋದಂತೆ ಅನಿಸಿತ್ತಾ?

ಗ್ರೇಡಿಂಗ್ ಮಂಜ

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ, ವಿಡಿಯೋ ಎಡಿಟಿಂಗ್ ನನ್ನ ಹೊಟ್ಟೆಪಾಡು.

ನಿಮ್ಮೊಬ್ಬರದೇ ಕಥೆ ಅಲ್ಲ. ಅವತ್ತು ಪ್ರಪಂಚದ ತುಂಬಾ ಜನ “ಏನೂ ಕಾಣಿಸ್ತಿಲ್ಲ” ಅಂತ ಕೂಗಾಡಿದರು. ಕ್ಯಾಮೆರಾ ಹಿಡಿದ ಫೇಬಿಯನ್ ವಾಗ್ನರ್, ನಾವು ಬೇಕೆಂದೇ ಹಾಗೆ ತೆಗೆದದ್ದು, ಎಷ್ಟೋ ಜನರ ಟಿವಿ ಸೆಟ್ಟಿಂಗ್ ಸರಿ ಇಲ್ಲ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟಿದ್ದರು. ಜನಕ್ಕೆ ಇನ್ನೂ ಸಿಟ್ಟು ಬಂತು. ನನ್ನ ಪ್ರಕಾರ ಇಬ್ಬರದೂ ಸ್ವಲ್ಪ ಸ್ವಲ್ಪ ಸರಿ.

ಕತ್ತಲೆ ಸೀನ್ ನೆಟ್‌ನಲ್ಲಿ ಬರುವಾಗ ಏನಾಗುತ್ತದೆ ಅಂದರೆ, ಫೈಲ್ ಚಿಕ್ಕದು ಮಾಡಲು ಕಂಪ್ರೆಸ್ ಮಾಡುತ್ತಾರೆ. ಕಪ್ಪಿಗೂ ಸ್ವಲ್ಪ ಕಡಿಮೆ ಕಪ್ಪಿಗೂ ಇರುವ ಸಣ್ಣ ವ್ಯತ್ಯಾಸ ಅಲ್ಲಿ ಮೊದಲು ಹೋಗುತ್ತದೆ. ಹೊಗೆ, ಹಿಮ, ಮಂಜು ಇದ್ದರಂತೂ ಮುಗೀತು, ಚೌಕ ಚೌಕ ಕಲೆಗಳು, ಪಟ್ಟೆ ಪಟ್ಟೆ ಆಕಾಶ. ಈ ಎಪಿಸೋಡ್‌ನಲ್ಲಿ ಆ ಮೂರೂ ಒಟ್ಟಿಗೇ ಇವೆ. ಸ್ಟುಡಿಯೋ ಮಾನಿಟರ್‌ನಲ್ಲಿ ಅವರು ನೋಡಿದ ಚಿತ್ರವೇ ಬೇರೆ, ನಿಮ್ಮ ಲ್ಯಾಪ್‌ಟಾಪ್‌ಗೆ ಬಂದ ಚಿತ್ರವೇ ಬೇರೆ.

ಶನಿವಾರಕ್ಕೆ ಹೀಗೆ ಮಾಡಿ. ರೂಮಿನ ಎಲ್ಲಾ ಲೈಟ್ ಆರಿಸಿ, ಟಿವಿ ಎದುರಿನ ಟ್ಯೂಬ್‌ಲೈಟ್ ಅಂತೂ ಖಂಡಿತ ಬೇಡ. ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಮೂವಿ’ ಅಥವಾ ‘ಸಿನಿಮಾ’ಗೆ ಬದಲಿಸಿ. ಓಟವನ್ನು ನುಣುಪು ಮಾಡುವ ಮೋಷನ್ ಸೆಟ್ಟಿಂಗ್ ಆಫ್. ಸುತ್ತಲಿನ ಬೆಳಕು ನೋಡಿ ತಾನೇ ಬ್ರೈಟ್‌ನೆಸ್ ಇಳಿಸುವ ಆಯ್ಕೆ ಇರುತ್ತದೆ, ಇದೇ ದೊಡ್ಡ ಕಳ್ಳ, ಅದನ್ನೂ ಆಫ್ ಮಾಡಿ. 2020ರಲ್ಲಿ ಪೂರ್ತಿ ಸೀರೀಸ್ 4ಕೆ ಡಿಸ್ಕ್‌ನಲ್ಲಿ ಬಂತು. ನಾನು ಗೆಳೆಯನ ಮನೆಯ ಓಎಲ್‌ಇಡಿ ಟಿವಿಯಲ್ಲಿ ಆ ಡಿಸ್ಕ್ ಹಾಕಿ ನೋಡಿದೆ. ಚಂದ್ರನ ಬೆಳಕಲ್ಲಿ ಮೋಡದ ಮೇಲೆ ಎರಡು ಡ್ರ್ಯಾಗನ್ ಏಳುವ ಶಾಟ್ ಇದೆಯಲ್ಲ, ಅಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ಇನ್ನೊಂದು ಮಾತು. ಆ ಕತ್ತಲೆ ಕಥೆಯೊಳಗೂ ಇದೆ. ಕಂದಕಕ್ಕೆ ಬೆಂಕಿ ಹಚ್ಚು ಅಂತ ಡಾವೋಸ್ ಕೋಟೆ ಮೇಲಿಂದ ಪಂಜು ಬೀಸುತ್ತಾನೆ, ಹಿಮಗಾಳಿಯಲ್ಲಿ ಡ್ರ್ಯಾಗನ್ ಮೇಲಿರುವ ರಾಣಿ ಡೆನೇರಿಸ್‌ಗೆ ಅದು ಕಾಣುವುದೇ ಇಲ್ಲ. ಕಾಣದೇ ಇರುವುದೇ ಅವರ ಸಂಕಟ. ನಮಗೂ ಅಷ್ಟು ಕಾಣಬಾರದು ಅನ್ನುವುದು ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಅವರ ಲೆಕ್ಕ ಅಂತ ನನ್ನ ಅನಿಸಿಕೆ.

ಸೂಜಿಮಲ್ಲಿಗೆ

ಆರ್ಯಾ “ಎಲ್ಲಿಂದಲೋ ಹಾರಿ ಬಂದಳು” ಅಂದಿರಲ್ಲ, ಅದಕ್ಕೆ ಉತ್ತರ ಕೊಡದೇ ಇರಲಾರೆ. ಅವಳು ಎಲ್ಲಿಂದ ಬಂದಳು ಅಂತ ಎಂಟು ಸೀಸನ್ ತೋರಿಸಿದ್ದಾರೆ ಅಕ್ಕಾ!

ನೈಟ್ ಕಿಂಗ್‌ಗೆ ಅವಳು ಚುಚ್ಚಿದ ಆ ಚಾಕುವಿನ ಹಿಂದೆ ಹೋಗಿ. ಮೊದಲ ಸೀಸನ್‌ನ ಎರಡನೇ ಎಪಿಸೋಡ್‌ನಲ್ಲಿ ಹಾಸಿಗೆ ಹಿಡಿದ ಅವಳ ತಮ್ಮ ಬ್ರಾನ್‌ನನ್ನು ಕೊಲ್ಲಲು ಒಬ್ಬ ಬರುತ್ತಾನಲ್ಲ, ಅವನ ಕೈಯಲ್ಲಿದ್ದದ್ದು ಇದೇ ಚಾಕು. ವಲೀರಿಯನ್ ಉಕ್ಕು, ನೈಟ್ ಕಿಂಗ್‌ನಂಥವರನ್ನೂ ಕೊಲ್ಲಬಲ್ಲ ಉಕ್ಕು. ಅದು ಯಾರ್ಯಾರದೋ ಕೈ ದಾಟಿ ಬ್ರಾನ್ ಹತ್ತಿರವೇ ಬಂತು. ಏಳನೇ ಸೀಸನ್‌ನ ನಾಲ್ಕನೇ ಎಪಿಸೋಡ್‌ನಲ್ಲಿ ಅವನು ಅದನ್ನು ಆರ್ಯಾಗೆ ಕೊಡುತ್ತಾನೆ, ಎಲ್ಲಿ? ಕೊನೆಗೆ ನೈಟ್ ಕಿಂಗ್ ಸಾಯುವ ಅದೇ ಬಿಳಿ ಮರದ ಬುಡದಲ್ಲಿ. ಬ್ರಾನ್‌ನನ್ನು ಕೊಲ್ಲಲು ಬಂದ ಚಾಕು ಕೊನೆಗೆ ಅದೇ ಮರದ ಕೆಳಗೆ ಅವನನ್ನು ಉಳಿಸುತ್ತದೆ. ನನಗೆ ಇದನ್ನು ಬರೆಯುವಾಗಲೂ ಮೈ ಜುಂ ಅನ್ನುತ್ತಿದೆ.

ಅದೇ ಎಪಿಸೋಡ್‌ನಲ್ಲಿ ಯೋಧೆ ಬ್ರಿಯೆನ್ ಜೊತೆ ಅಭ್ಯಾಸ ಮಾಡುವಾಗ ಚಾಕುವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬಿಡುತ್ತಾಳೆ. ನೈಟ್ ಕಿಂಗ್ ಅವಳ ಕತ್ತು ಹಿಡಿದಾಗ ಮಾಡಿದ್ದೂ ಅದನ್ನೇ. ಎಂಟನೇ ಸೀಸನ್‌ನ ಮೊದಲ ಎಪಿಸೋಡ್‌ನಲ್ಲಿ ಅವಳ ಅಣ್ಣನಾಗಿ ಬೆಳೆದ ಜಾನ್ ಆ ಮರದ ಹತ್ತಿರ ಒಬ್ಬನೇ ನಿಂತಿರುವಾಗ ಸದ್ದಿಲ್ಲದೆ ಹಿಂದೆ ಬಂದು ನಿಲ್ಲುತ್ತಾಳೆ, ಹೇಗೆ ಬಂದೆ ಅಂತ ಅವನೇ ಕೇಳುತ್ತಾನೆ. ಇನ್ನೇನು ಹೇಳಬೇಕು?

ಯುದ್ಧದ ನಡುವೆ ಲೈಬ್ರರಿ ಸೀನ್ ಕೂಡ ಸುಮ್ನೆ ಇಟ್ಟಿದ್ದಲ್ಲ. ಸತ್ತವರು ಸುತ್ತ ಓಡಾಡುತ್ತಾರೆ, ಅವಳ ತಲೆಯಿಂದ ಒಂದು ಹನಿ ರಕ್ತ ನೆಲಕ್ಕೆ ಬಿದ್ದ ಸದ್ದಿಗೆ ತಿರುಗಿ ನೋಡುತ್ತಾರೆ. ಅಷ್ಟು ಚುರುಕು ಕಿವಿಯವರ ನಡುವಿನಿಂದ ಅವಳು ತಪ್ಪಿಸಿಕೊಂಡು ಹೋದಳು ಅಂದರೆ ಮರದ ಹತ್ತಿರವೂ ಹೋಗಬಲ್ಲಳು. ಅವಳು ಬರುವ ಮುಂಚೆ ನೈಟ್ ಕಿಂಗ್‌ನ ಸೇನಾನಿಗಳಾದ ವೈಟ್ ವಾಕರ್‌ಗಳಲ್ಲಿ ಒಬ್ಬನ ಕೂದಲು ಗಾಳಿಗೆ ಸ್ವಲ್ಪ ಹಾರುತ್ತದೆ. ಶನಿವಾರ ಅದನ್ನು ಗಮನಿಸಿ.

ಕೋಟೆಬಾಗಿಲು

ಸೂಜಿಮಲ್ಲಿಗೆ, ಚಾಕುವಿನ ಲೆಕ್ಕ ಒಪ್ಪಿದೆ. ಆದರೆ ಹೊಳೆದಂಡೆಯವರ ಬೇಜಾರು ಸುಳ್ಳಲ್ಲ. ನಾನು ಚೆನ್ನಾಗಿ ಕಾಣುವ ಟಿವಿಯಲ್ಲೇ ನೋಡಿದವನು, ನನಗೂ ಮೋಸ ಅನಿಸಿತು.

ನಾನು ಚಿತ್ರದುರ್ಗದವನು. ಏಳು ಸುತ್ತಿನ ಕೋಟೆಯಲ್ಲೇ ಆಡಿ ಬೆಳೆದವನು. ಕೋಟೆ ಯಾಕೆ ಕಟ್ಟುತ್ತಾರೆ ಅಂತ ನಮ್ಮೂರಿನ ಮಕ್ಕಳಿಗೂ ಗೊತ್ತು: ಒಳಗಿದ್ದು ಹೊರಗಿನವರನ್ನು ದಣಿಸುವುದಕ್ಕೆ. ಇವರೇನು ಮಾಡಿದರು? ಸೈನ್ಯವೆಲ್ಲಾ ಗೋಡೆಯ ಹೊರಗೆ. ಕಲ್ಲು ಎಸೆಯುವ ಯಂತ್ರಗಳು ಕಾಲಾಳುಗಳಿಗಿಂತ ಮುಂದೆ. ಕಂದಕ ಸೈನ್ಯದ ಬೆನ್ನ ಹಿಂದೆ! ಎದುರಿಗೆ ಏನಿದೆ ಅಂತಲೇ ತಿಳಿಯದೆ ಡೊತ್ರಾಕಿ ಅನ್ನುವ ಕುದುರೆ ಸವಾರರನ್ನು ಕತ್ತಲೆಗೆ ನುಗ್ಗಿಸಿದರು. ಮಾಟಗಾತಿ ಮೆಲಿಸಾಂಡ್ರೆ ಕೊನೇ ಗಳಿಗೆಯಲ್ಲಿ ಬಂದು ಅವರ ಕತ್ತಿಗಳಿಗೆ ಬೆಂಕಿ ಹಚ್ಚದಿದ್ದರೆ ಬರೀ ಕಬ್ಬಿಣ ಹಿಡಿದು ಹೋಗುತ್ತಿದ್ದರು. ಹೆಂಗಸರು, ಮಕ್ಕಳನ್ನು ಬಚ್ಚಿಟ್ಟಿದ್ದು ಸಮಾಧಿಗಳ ನೆಲಮಾಳಿಗೆಯಲ್ಲಿ, ಅದೂ ಸತ್ತವರನ್ನು ಎಬ್ಬಿಸುವ ಶತ್ರು ಬರುತ್ತಿರುವಾಗ. ಹಿಂದೆ ಹಾರ್ಡ್‌ಹೋಮ್ ಅನ್ನುವ ಊರಿನಲ್ಲಿ ನೈಟ್ ಕಿಂಗ್ ಕೈ ಎತ್ತಿ ಹೆಣಗಳನ್ನು ಎಬ್ಬಿಸಿದ್ದನ್ನು ಕಣ್ಣಾರೆ ಕಂಡ ಜಾನ್ ಅಲ್ಲೇ ಇದ್ದ.

ನನ್ನ ನಿಜವಾದ ನೋವು ಆರ್ಯಾ ಬಗ್ಗೆ ಅಲ್ಲ, ಜಾನ್ ಬಗ್ಗೆ. ಹಾರ್ಡ್‌ಹೋಮ್ ದಡದಲ್ಲಿ ಜಾನ್, ನೈಟ್ ಕಿಂಗ್ ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಮೇಲೆ ನಾಲ್ಕು ವರ್ಷ ಕಾದೆ. ಕೊನೆಗೆ ಜಾನ್ ಮಾಡಿದ್ದು ಅಂಗಳದಲ್ಲಿ ಸತ್ತ ಡ್ರ್ಯಾಗನ್‌ಗೆ ಎದುರು ನಿಂತು ಕಿರುಚಿದ್ದು. 2011ರಲ್ಲಿ ಸೀರೀಸ್ ಶುರುವಾದದ್ದೇ ವೈಟ್ ವಾಕರ್‌ಗಳಿಂದ. ಆ ಭಯವನ್ನು ಒಂದೇ ರಾತ್ರಿಯಲ್ಲಿ ಮುಗಿಸಿ, ಉಳಿದ ಮೂರು ಎಪಿಸೋಡ್ ಸಿಂಹಾಸನದ ಜಗಳಕ್ಕೆ ಇಟ್ಟರು. ಹೊಟ್ಟೆ ಉರಿಯುತ್ತದೆ.

ಸೂಜಿಮಲ್ಲಿಗೆ

ಕಂದಕದ ವಿಷಯದಲ್ಲಿ ಸೋತೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ದುರ್ಗದವರೇ ಹೀಗಂದರೆ ಹೇಗೆ? ಹೈದರಾಲಿ ಸೈನ್ಯ ಮುತ್ತಿದಾಗ ಕಿಂಡಿಯ ಹತ್ತಿರ ಸದ್ದಿಲ್ಲದೆ ಕಾದು ನಿಂತವಳು ಕಾವಲುಗಾರನ ಹೆಂಡತಿ ಓಬವ್ವ, ದೊಡ್ಡ ವೀರ ಯಾರೂ ಅಲ್ಲ. ಎಲ್ಲರೂ ರಾಜನ ಕಡೆ ನೋಡುತ್ತಿರುವಾಗ ಯಾರೂ ಎಣಿಸದವಳು ಬಂದು ಕೋಟೆ ಉಳಿಸುವ ಕಥೆ ಕೇಳಿಯೇ ನಾವು ಬೆಳೆದದ್ದಲ್ವಾ? ಜಾನ್ ಎಲ್ಲರನ್ನೂ ಒಟ್ಟುಗೂಡಿಸಿ ಅಲ್ಲಿಗೆ ತಂದ, ಅದೇ ಅವನ ಕೆಲಸ. ಎದುರೆದುರು ಕತ್ತಿಯಲ್ಲಿ ನೈಟ್ ಕಿಂಗ್‌ನನ್ನು ಯಾರೂ ಗೆಲ್ಲುತ್ತಿರಲಿಲ್ಲ.

ಒಬ್ಬನನ್ನು ಕೊಂದರೆ ಎಲ್ಲಾ ಪುಡಿಯಾಗುವುದು ಸುಲಭದ ದಾರಿ ಅಂತಲೂ ಜನ ಬೈಯುತ್ತಾರೆ. ಅದನ್ನು ಏಳನೇ ಸೀಸನ್‌ನಲ್ಲೇ ತೋರಿಸಿದ್ದರು. ಉತ್ತರದ ಹಿಮದ ಗೋಡೆಯಾಚೆ ಜಾನ್ ಒಬ್ಬ ವಾಕರ್‌ನನ್ನು ಕೊಂದಾಗ ಅವನ ಜೊತೆಗಿದ್ದ ಹೆಣಗಳು, ಒಂದನ್ನು ಬಿಟ್ಟು, ಅಲ್ಲೇ ಕುಸಿದವು.

ಕೋಟೆಬಾಗಿಲು

ಓಬವ್ವನ ಹೆಸರು ತೆಗೆದರೆ ನಾನು ಬಾಯಿ ಮುಚ್ಚಲೇಬೇಕು. ಆ ಮಾತು ಒಪ್ಪಿದೆ. ಉಳಿದ ಮೂರು ಎಪಿಸೋಡ್ ಬಗ್ಗೆ ಮಾತ್ರ ಒಪ್ಪಲ್ಲ.

ಕಡಲತಡಿ

ಎಲ್ಲರೂ ಆರ್ಯಾ, ಜಾನ್ ಅಂತಿದ್ದೀರಿ, ಥಿಯಾನ್ ಹೆಸರನ್ನೇ ಯಾರೂ ಎತ್ತಲಿಲ್ಲ.

ಎರಡನೇ ಸೀಸನ್‌ನಲ್ಲಿ ತನ್ನನ್ನು ಸಾಕಿದ ಮನೆಯನ್ನೇ ಮೋಸದಿಂದ ಹಿಡಿದವನು, ಬ್ರಾನ್ ಮತ್ತು ಅವನ ತಮ್ಮ ರಿಕನ್ ಅಂತ ಹೇಳಿ ಎರಡು ಅಮಾಯಕ ಮಕ್ಕಳ ಸುಟ್ಟ ಹೆಣ ತೂಗುಹಾಕಿದವನು. ಅದೇ ಮನೆಗೆ ಬಂದು, ಅದೇ ಬ್ರಾನ್‌ಗೆ ಕಾವಲು ನಿಲ್ಲುತ್ತೇನೆ ಅಂತ ತಾನಾಗಿ ಕೇಳಿದ. ಬಾಣ ಮುಗಿದ ಮೇಲೂ ನಿಂತ. ಸಾಯುತ್ತೇನೆ ಅಂತ ಗೊತ್ತಿದ್ದೇ ಈಟಿ ಹಿಡಿದು ಓಡಿದ. ಆ ಓಟದ ಮುಂಚೆ ಬ್ರಾನ್ ಅವನಿಗೆ ಹೇಳುವ ಎರಡು ಮಾತಿಗೆ ನಾನು ಅತ್ತುಬಿಟ್ಟೆ. ತಪ್ಪು ಮಾಡಿ ವಾಪಸ್ ಬರಲಾಗದೆ ಒದ್ದಾಡಿದವರು ನಮ್ಮ ಮನೆಯಲ್ಲೂ ಒಬ್ಬರಿದ್ದರು, ಅದಕ್ಕೇ ಇರಬೇಕು.

ಹೊಳೆದಂಡೆ ಅಕ್ಕಾ, ಕೊನೆಯ ಹತ್ತು ನಿಮಿಷಕ್ಕೆ ಟಿವಿ ಸೌಂಡ್ ಚೆನ್ನಾಗಿರಲಿ. ಕೂಗು, ಕತ್ತಿ ಸದ್ದು ಎಲ್ಲಾ ಅಡಗಿ ಸಂಗೀತಗಾರ ರಾಮಿನ್ ಜವಾದಿಯ ಪಿಯಾನೋ ಒಂದೇ ಉಳಿಯುತ್ತದೆ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ನಿಮಗೆ ಅದು ಸರಿಯಾಗಿ ಕೇಳಿರಲ್ಲ. ಸೌಂಡ್‌ಗೆ ಆ ವರ್ಷ ಎಮ್ಮಿ ಪ್ರಶಸ್ತಿ ಬಂದ ಎಪಿಸೋಡ್ ಇದು.

ಗ್ರೇಡಿಂಗ್ ಮಂಜ

ಉತ್ತರ ಐರ್ಲೆಂಡ್‌ನ ಚಳಿಯಲ್ಲಿ 55 ರಾತ್ರಿ ಇದರ ಶೂಟಿಂಗ್ ನಡೆಯಿತು. ಪಂಜು ಹಿಡಿದು ನಿಂತ ಹಿಂದಿನ ಸಾಲಿನವರ ಮುಖಗಳನ್ನೂ ಒಮ್ಮೆ ನೋಡಿ, ಆ ನಡುಕ ನಟನೆ ಥರ ಕಾಣಲ್ಲ.

ಹೊಳೆದಂಡೆ

ನೋಡಿದೆವು. ನಿನ್ನೆ ರಾತ್ರಿ ಹನ್ನೊಂದಕ್ಕೆ ಶುರು ಮಾಡಿ, ಲೈಟ್ ಎಲ್ಲಾ ಆರಿಸಿ, ಮಂಜಣ್ಣ ಹೇಳಿದ ಹಾಗೆ ಸೆಟ್ಟಿಂಗ್ ಬದಲಿಸಿ. ಅಮ್ಮನೂ ಬಂದು ಕೂತರು, ಅವರಿಗೆ ಕಥೆ ಗೊತ್ತಿಲ್ಲ.

ಡೊತ್ರಾಕಿಗಳ ಕತ್ತಿಯ ಬೆಂಕಿ ದೂರದಲ್ಲಿ ಒಂದೊಂದೇ ಆರುತ್ತಾ ಹೋಯಿತಲ್ಲ, ಅದನ್ನು ನಾನು 2019ರಲ್ಲಿ ನೋಡಿಯೇ ಇರಲಿಲ್ಲ ಅಂತ ಈಗ ಗೊತ್ತಾಯಿತು. ಆಗ ಪರದೆ ಬ್ಲ್ಯಾಂಕ್ ಆಯಿತು ಅಂತ ನಾವು ಬ್ರೈಟ್‌ನೆಸ್ ಹುಡುಕುತ್ತಿದ್ದೆವು. ನಿನ್ನೆ ಆ ಕೊನೇ ದೀಪ ಆರಿದಾಗ ಅಮ್ಮ “ಅಯ್ಯೋ, ಎಲ್ಲಾ ಹೋದರಾ?” ಅಂದರು. ಲಿಯಾನಾ ಮಾರ್ಮಂಟ್ ಅಷ್ಟು ಪುಟ್ಟ ಹುಡುಗಿ ಆ ದೈತ್ಯನ ಮುಷ್ಟಿಯಲ್ಲಿ ನಲುಗುತ್ತಲೇ ಅವನ ಕಣ್ಣಿಗೆ ಚುಚ್ಚಿದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮೆಲಿಸಾಂಡ್ರೆ ಜೊತೆ ಮಾತಾಡಿ ಆರ್ಯಾ ಎದ್ದು ಓಡಿದ ಕೂಡಲೇ ತಮ್ಮ ನೆಟ್ಟಗೆ ಕೂತ. “ಅಕ್ಕಾ, ಬ್ರಾನ್ ಕೊಟ್ಟ ಚಾಕು ಅವಳ ಹತ್ತಿರ ಇದೆ ಅಲ್ವಾ?” ಅಂದ. ನಾನು ಮಾತಾಡಲಿಲ್ಲ. ಪಿಯಾನೋ ಮುಗಿಯುವವರೆಗೂ ಅವನು ನನ್ನ ಕೈ ಬಿಡಲಿಲ್ಲ. ಸೂಜಿಮಲ್ಲಿಗೆ, ಆ ಕೂದಲು ಹಾರಿದ್ದು ಕಾಣಿಸಿತು. ಕಡಲತಡಿ, ಥಿಯಾನ್‌ಗೆ ನಾನೂ ಅತ್ತೆ.

ಕಥೆಯ ಬಗ್ಗೆ ಕೋಟೆಬಾಗಿಲು ಅವರ ಸಿಟ್ಟು ನನಗೆ ಇನ್ನೂ ಅರ್ಧ ಇದೆ, ಮುಖ್ಯವಾಗಿ ಬ್ರಾನ್ ಅಷ್ಟು ಹೊತ್ತು ಕಾಗೆಗಳ ಕಣ್ಣಲ್ಲಿ ಹಾರಿ ಏನು ಮಾಡಿದ ಅಂತ ನಿನ್ನೆಯೂ ತಿಳಿಯಲಿಲ್ಲ. ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ. ತಮ್ಮ ಇವತ್ತು ರಾತ್ರಿಯೇ ನಾಲ್ಕನೇ ಎಪಿಸೋಡ್ ಹಾಕಬೇಕಂತೆ, ಅಮ್ಮ ಮೊದಲನೇ ಸೀಸನ್‌ನಿಂದ ತೋರಿಸು ಅಂತಿದ್ದಾರೆ.