ಪೊಕೆಮಾನ್ ಗೋ: ಸಿಪಿ (ಒಟ್ಟು ಬಲದ ನಂಬರು) ಜಾಸ್ತಿ ಇದ್ರೂ ಸ್ವಾಂಪರ್ಟ್ ಸೋಲ್ತಿದೆ, ಫಾಸ್ಟ್ ಮೂವ್ ಚಾರ್ಜ್ ಮೂವ್ ಲೆಕ್ಕ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಕೆಸರುಮೀನು_ಜಯನಗರ:

ಎಲ್ರಿಗೂ ನಮಸ್ಕಾರ, ಒಂದು ಹೆಲ್ಪ್ ಬೇಕಿತ್ತು. ಪೊಕೆಮಾನ್ ಗೋ ಆಡಕ್ಕೆ ಶುರು ಮಾಡಿ ಎಂಟು ತಿಂಗಳಾಯ್ತು, ಹಿಡಿಯೋದು, ಮೊಟ್ಟೆ ಒಡೆಸೋದು, ಲಾಲ್‌ಬಾಗ್ ಸುತ್ತಿ ಸ್ಟಾಪ್ ತಿರುಗಿಸೋದು ಇದೆಲ್ಲ ಆರಾಮಾಗಿ ಬರುತ್ತೆ, ಆದ್ರೆ ಬ್ಯಾಟಲ್ ಅಂತ ಕೂತ್ರೆ ಏನ್ ನಡೀತಿದೆ ಅಂತಾನೇ ತಿಳಿಯಲ್ಲ.

ಮೊನ್ನೆ ಭಾನುವಾರ ಕಬ್ಬನ್ ಪಾರ್ಕ್ ಬ್ಯಾಂಡ್‌ಸ್ಟ್ಯಾಂಡ್ ಹತ್ರ ಫ್ರೆಂಡ್ ಜೊತೆ ಗ್ರೇಟ್ ಲೀಗ್ ಆಡಿದೆ. ನನ್ನ ಸ್ವಾಂಪರ್ಟ್ 1498 ಸಿಪಿ, ಅವನ ವೀನಸಾರ್ 1471. ನಂದು ಜಾಸ್ತಿ ಅಲ್ವಾ, ಗೆಲ್ತೀನಿ ಅಂತ ಇದ್ದೆ. ನಂದ್ರಲ್ಲಿ ಫಾಸ್ಟ್ ಮೂವ್ ವಾಟರ್ ಗನ್, ಚಾರ್ಜ್ ಮೂವ್ ಸ್ಲಡ್ಜ್ ವೇವ್ ಇದೆ, ಸ್ಲಡ್ಜ್ ವೇವ್ ಪಾಯ್ಸನ್ ಟೈಪು, ಪಾಯ್ಸನ್ ಗ್ರಾಸ್‌ಗೆ ಚೆನ್ನಾಗಿ ತಾಗುತ್ತೆ ಅಂತ ಓದಿದ್ದೆ, ಅದಕ್ಕೇ ಧೈರ್ಯವಾಗಿ ಇಳಿಸಿದ್ದು. ಅವನು ಬಳ್ಳೀಲಿ ಪಟಪಟ ಹೊಡೀತಾನೇ ಇದ್ದ, ನನ್ನ ಹತ್ರ ಎರಡೂ ಶೀಲ್ಡ್ ಹಾಗೇ ಇತ್ತು, ಎಚ್‌ಪಿ (ಜೀವದ ಪಾಯಿಂಟ್) ಮಾತ್ರ ಕರಗಿ ಹೋಯ್ತು, ನಾನು ಒಂದೇ ಒಂದು ಸ್ಲಡ್ಜ್ ವೇವ್ ಕೂಡ ಬಿಡಕ್ಕಾಗ್ಲಿಲ್ಲ. ಶೀಲ್ಡ್ ಯಾಕೆ ಬರ್ಲಿಲ್ಲ? ನಾನು ಸ್ಕ್ರೀನ್ ಮೇಲೆ ಅವನಿಗಿಂತ ಜೋರಾಗಿ ಟ್ಯಾಪ್ ಮಾಡ್ತಿದ್ದೆ, ಆದ್ರೂ ಅವನ ಚಾರ್ಜ್ ಮೊದ್ಲು ತುಂಬಿದ್ದು ಹೆಂಗೆ? ಈ ಸ್ವಾಂಪರ್ಟ್ ಇನ್ನೂ ಮರಿ ಮಡ್‌ಕಿಪ್ ಆಗಿದ್ದಾಗ ನಾನು ಮೊದಲನೇ ವಾರ ಹಿಡಿದಿದ್ದು, ಕ್ಯಾಂಡಿ ಕೂಡಿಸಿ ಕೂಡಿಸಿ ಬೆಳೆಸಿದ್ದು, ಅದನ್ನ ಬಿಟ್ಟು ಬೇರೆ ಟೀಮ್ ಮಾಡಕ್ಕೆ ಮನಸ್ಸಿಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಎಣಿಸೋನು_ಮಲ್ಲೇಶ್ವರ:

ಮೊದ್ಲು ಸಿಪಿ ಮರ್ತುಬಿಡು ಗುರು. ಗ್ರೇಟ್ ಲೀಗ್ ಅಂದ್ರೆ ಎಲ್ರೂ 1500 ಒಳಗೇ ಇರೋದು, 27 ಸಿಪಿ ಹೆಚ್ಚು ಕಮ್ಮಿ ಏನೂ ಮಾಡಲ್ಲ, ಆಟ ನಿಂತಿರೋದು ಮೂವ್ ಮೇಲೆ.

ಎನರ್ಜಿ ದುಡಿಯೋದು ಟ್ಯಾಪ್ ಮಾಡೋ ಫಾಸ್ಟ್ ಮೂವು, ಅದನ್ನ ಖರ್ಚು ಮಾಡೋದು ದೊಡ್ಡ ಏಟಿನ ಚಾರ್ಜ್ ಮೂವು. ಪ್ರತಿ ಫಾಸ್ಟ್ ಮೂವ್‌ಗೂ ಇಷ್ಟು ಡ್ಯಾಮೇಜು, ಇಷ್ಟು ಎನರ್ಜಿ, ಇಷ್ಟು ಟರ್ನು ಅಂತ ಮೂರು ಲೆಕ್ಕ ಇರುತ್ತೆ. ಆಟಗಾರ್ರಿಬ್ರು ಆಡೋ ಟ್ರೈನರ್ ಬ್ಯಾಟಲ್‌ನಲ್ಲಿ ಒಂದು ಟರ್ನ್ ಅಂದ್ರೆ ಅರ್ಧ ಸೆಕೆಂಡು. ಕೆಲವು ಮೂವ್ ಒಂದೇ ಟರ್ನ್‌ನಲ್ಲಿ ಮುಗಿಯುತ್ತೆ, ಇನ್ಸಿನರೇಟ್ ಥರದ್ದು ಐದು ಟರ್ನ್ ತಗೊಳುತ್ತೆ. ನೀನು ಎಷ್ಟು ಜೋರಾಗಿ ಟ್ಯಾಪ್ ಮಾಡಿದ್ರೂ ಟರ್ನ್ ಮುಗಿಯೋವರೆಗೂ ಮುಂದಿನ ಏಟು ಹೋಗಲ್ಲ, ಬೆರಳು ನೋವಷ್ಟೇ ಲಾಭ. ನಿನ್ನ ವಾಟರ್ ಗನ್ ಎನರ್ಜಿ ವಿಷ್ಯದಲ್ಲಿ ಬಡವ, ಸ್ಲಡ್ಜ್ ವೇವ್ ನೋಡಿದ್ರೆ ದುಬಾರಿ ಮೂವು. ಕಮ್ಮಿ ಸಂಪಾದನೆ, ದೊಡ್ಡ ಖರ್ಚು, ಅದಕ್ಕೇ ನಿಂದು ತುಂಬ್ಲೇ ಇಲ್ಲ.

ಶೀಲ್ಡ್ ಕೇಳಿದ್ಯಲ್ಲ, ಶೀಲ್ಡ್ ತಡೆಯೋದು ಚಾರ್ಜ್ ಮೂವ್ ಮಾತ್ರ. ಶೀಲ್ಡ್ ಹಾಕಿದ್ರೆ ಎಂಥ ದೊಡ್ಡ ಚಾರ್ಜ್ ಆದ್ರೂ 1 ಪಾಯಿಂಟ್ ಅಷ್ಟೇ ಬೀಳೋದು. ಫಾಸ್ಟ್ ಮೂವ್‌ನ ಯಾವ ಶೀಲ್ಡೂ ತಡೆಯಲ್ಲ. ಅವನು ಚಾರ್ಜ್ ಇಟ್ಕೊಂಡೇ ವೈನ್ ವಿಪ್ ಅನ್ನೋ ಆ ಬಳ್ಳಿ ಫಾಸ್ಟ್ ಮೂವ್‌ನಲ್ಲೇ ನಿನ್ನನ್ನ ಮುಗಿಸಿದ್ದಾನೆ, ಅಂದ್ರೆ ಆ ಎನರ್ಜಿ ನಿನ್ನ ಮುಂದಿನ ಪೊಕೆಮಾನ್ ಮೇಲೆ ಬಿಟ್ಟಿರ್ತಾನೆ, ಹೌದಾ?

ಈಗ ಟೈಪ್ ಲೆಕ್ಕ, ಇದೇ ಮುಖ್ಯ. ಈ ಗೇಮ್‌ನಲ್ಲಿ ಸೂಪರ್ ಎಫೆಕ್ಟಿವ್ ಅಂದ್ರೆ 1.6 ಪಟ್ಟು, ನಾಟ್ ವೆರಿ ಎಫೆಕ್ಟಿವ್ ಅಂದ್ರೆ 0.625. ಮೂವ್ ಟೈಪೂ ಹೊಡೆಯೋ ಪೊಕೆಮಾನ್ ಟೈಪೂ ಒಂದೇ ಆದ್ರೆ ಮೇಲೆ ಇನ್ನೊಂದು 1.2. ಸ್ವಾಂಪರ್ಟ್ ವಾಟರ್ ಮತ್ತೆ ಗ್ರೌಂಡ್, ಎರಡಕ್ಕೂ ಗ್ರಾಸ್ ಆಗಿಬರಲ್ಲ, 1.6 ಗುಣಿಸು 1.6 ಅಂದ್ರೆ 2.56, ವೀನಸಾರ್ ಗ್ರಾಸ್ ಆಗಿರೋದ್ರಿಂದ ಅದರ 1.2 ಸೇರಿಸು, 3.07 ಆಯ್ತು. ನಿನ್ನ ವಾಟರ್ ಗನ್ ವೀನಸಾರ್ ಮೇಲೆ 0.625 ಗುಣಿಸು 1.2, ಅಂದ್ರೆ 0.75. ಒಂದೇ ಪವರ್ ಇರೋ ಮೂವ್ ಅಂದ್ಕೊಂಡ್ರೂ ಅವನ ಏಟು ನಿನ್ನ ಏಟಿನ ನಾಲ್ಕರಷ್ಟು.

ಸ್ಲಡ್ಜ್ ವೇವ್‌ನಲ್ಲಿ ನೀನು ಮೋಸ ಹೋಗಿರೋದು ಎಲ್ಲಿ ಅಂದ್ರೆ, ವೀನಸಾರ್ ಬರೀ ಗ್ರಾಸ್ ಅಲ್ಲ, ಗ್ರಾಸ್ ಪ್ಲಸ್ ಪಾಯ್ಸನ್. ಗ್ರಾಸ್‌ಗೆ 1.6, ಪಾಯ್ಸನ್‌ಗೆ 0.625, ಗುಣಿಸಿದ್ರೆ ಸರಿಯಾಗಿ 1. ಏನೂ ಲಾಭ ಇಲ್ಲ. ಸ್ವಾಂಪರ್ಟ್ ಪಾಯ್ಸನ್ ಅಲ್ಲ, ಹಾಗಾಗಿ 1.2 ಕೂಡ ಸಿಗಲ್ಲ. ಅದೇ ಅರ್ತ್‌ಕ್ವೇಕ್ ಇದ್ದಿದ್ರೆ ಗ್ರಾಸ್‌ಗೆ 0.625, ಪಾಯ್ಸನ್‌ಗೆ 1.6, ಅದೂ 1, ಆದ್ರೆ ಗ್ರೌಂಡ್ ಮೂವ್ ಆಗಿರೋದ್ರಿಂದ 1.2 ಸಿಗ್ತಿತ್ತು. ಪೊಕೆಮಾನ್ ಮೇಲೆ ತೋರಿಸೋ ಎರಡೂ ಟೈಪ್ ನೋಡೋ ಅಭ್ಯಾಸ ಮಾಡ್ಕೊ.

ಏನ್ ಮಾಡ್ಬೇಕು ಅಂದ್ರೆ ಒಂದು ಫಾಸ್ಟ್ ಟಿಎಂ (ಮೂವ್ ಬದಲಿಸೋ ಐಟಂ) ಹಾಕು. ಸ್ವಾಂಪರ್ಟ್‌ಗೆ ಇರೋದೇ ಎರಡು ಫಾಸ್ಟ್ ಮೂವು, ಟಿಎಂ ಹಾಕಿದ್ರೆ ಇದ್ದಿದ್ದೇ ಮತ್ತೆ ಬರಲ್ಲ, ಸೋ ಮಡ್ ಶಾಟ್ ಗ್ಯಾರಂಟಿ. ಮಡ್ ಶಾಟ್ ಡ್ಯಾಮೇಜ್ ಕಮ್ಮಿ, ಎನರ್ಜಿ ಮಾತ್ರ ಸುರಿಯುತ್ತೆ.

ರೇಡ್_ರಾಜಾಜಿನಗರ:

ಮೇಲಿನವರು ಹೇಳಿದ್ದು ಪೂರ್ತಿ ಸರಿ, ಆದ್ರೆ ಅದೆಲ್ಲ ಟ್ರೈನರ್ ಬ್ಯಾಟಲ್ ಲೆಕ್ಕ, ರೇಡ್‌ಗೆ (ಜನ ಸೇರಿ ಒಂದು ಬಾಸ್ ಪೊಕೆಮಾನ್ ಹೊಡೆಯೋದು) ಹೋದಾಗ ಇದನ್ನೇ ಇಟ್ಕೊಂಡು ಕೂತ್ಕೋಬೇಡಿ. ಒಂದೇ ಹೆಸರಿನ ಮೂವ್‌ಗೆ ರೇಡು ಜಿಮ್ಮಲ್ಲಿ ಬೇರೆ ನಂಬರು, ಬ್ಯಾಟಲ್‌ನಲ್ಲಿ ಬೇರೆ ನಂಬರು. ರೇಡಲ್ಲಿ ಚಾರ್ಜ್ ಮೂವ್ ಬಾರ್ ಒಂದು, ಎರಡು ಇಲ್ಲ ಮೂರು ತುಂಡಾಗಿ ಕಾಣುತ್ತೆ, ಒಂದೇ ಉದ್ದ ಬಾರ್ ಇದ್ರೆ 100 ಎನರ್ಜಿ ಪೂರ್ತಿ ತುಂಬ್ಬೇಕು, ಎರಡಿದ್ರೆ 50ಕ್ಕೊಂದು. ಇನ್ನೊಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿಲ್ಲ, ರೇಡಲ್ಲಿ ಏಟು ತಿಂದ್ರೂ ಎನರ್ಜಿ ಬರುತ್ತೆ, ಬ್ಯಾಟಲ್‌ನಲ್ಲಿ ಬರಲ್ಲ. ಶೀಲ್ಡ್ ಬಟನ್ ಇರಲ್ಲ, ಪಕ್ಕಕ್ಕೆ ಸ್ವೈಪ್ ಮಾಡಿ ತಪ್ಪಿಸ್ಕೊಂಡ್ರೆ ಡ್ಯಾಮೇಜ್‌ನಲ್ಲಿ ಮುಕ್ಕಾಲು ಭಾಗ ತಪ್ಪುತ್ತೆ.

ಆಮೇಲೆ ವೆದರ್. ರೇಡಲ್ಲಿ ವೆದರ್‌ಗೆ ಹೊಂದೋ ಟೈಪ್ ಮೂವ್‌ಗೆ 1.2 ಪಟ್ಟು ಸಿಗುತ್ತೆ, ಬ್ಯಾಟಲ್‌ನಲ್ಲಿ ಅದೂ ಇಲ್ಲ. ನಮ್ ಬೆಂಗ್ಳೂರಲ್ಲಿ ಜೂನ್ ಬಂತು ಅಂದ್ರೆ ದಿನಾ ಮೋಡ, ಗೇಮಲ್ಲೂ ಕ್ಲೌಡಿ ತೋರಿಸಿದ್ರೆ ಫೈಟಿಂಗ್, ಫೇರಿ, ಪಾಯ್ಸನ್ ಮೂವ್ ಇರೋವ್ರಿಗೆ ಹಬ್ಬ. ಮಳೆ ಐಕಾನ್ ಬಂದ್ರೆ ವಾಟರ್, ಎಲೆಕ್ಟ್ರಿಕ್, ಬಗ್. ಸಂಜೆ ಮಳೆ ಹಿಡ್ಕೊಂಡಾಗ ಅಂಗಡಿ ಶೆಡ್ ಕೆಳಗೆ ನಿಂತು ಸ್ವಾಂಪರ್ಟ್‌ನಲ್ಲಿ ರೇಡ್ ಹೊಡಿ, ನಿನ್ನ ಮಡ್‌ಕಿಪ್ ಸಾಕಿದ್ದಕ್ಕೂ ಸಾರ್ಥಕ ಅನ್ಸುತ್ತೆ.

ಕೆಸರುಮೀನು_ಜಯನಗರ:

ಎಣಿಸೋನು ಸಾರ್ ನೀವು ಹೇಳಿದ್ದು ಹೌದು, ಅವನು ಕೂಡಿಟ್ಟಿದ್ದ ಫ್ರೆಂಜಿ ಪ್ಲಾಂಟ್‌ನ ನನ್ನ ಎರಡನೇ ಪೊಕೆಮಾನ್ ಬಂದ ತಕ್ಷಣ ಬಿಟ್ಟ! ಗುಣಾಕಾರ ನೋಡಿ ಈಗ ಅರ್ಥ ಆಯ್ತು. ಫಾಸ್ಟ್ ಟಿಎಂ ಹಾಕಿದೆ, ಮಡ್ ಶಾಟ್ ಬಂತು. ಹೈಡ್ರೋ ಕ್ಯಾನನ್ ಅನ್ನೋ ಚಾರ್ಜ್ ಮೂವ್ ಬೇಕು ಅಂತ ಎಲ್ರೂ ಹೇಳ್ತಾರೆ, ಚಾರ್ಜ್ಡ್ ಟಿಎಂ ನಾಲ್ಕು ಖರ್ಚು ಮಾಡಿದೆ, ಸರ್ಫ್, ಅರ್ತ್‌ಕ್ವೇಕ್, ಮಡ್ಡಿ ವಾಟರ್, ಮತ್ತೆ ಅರ್ತ್‌ಕ್ವೇಕ್. ಇನ್ನೆಷ್ಟು ಹಾಕ್ಬೇಕು?

ಬಳ್ಳಿ_ಬಸವನಗುಡಿ:

ನಿಲ್ಸಪ್ಪಾ ನಿಲ್ಸು, ನೂರು ಹಾಕಿದ್ರೂ ಬರಲ್ಲ! ಹೈಡ್ರೋ ಕ್ಯಾನನ್ 2019 ಜುಲೈ ಮಡ್‌ಕಿಪ್ ಕಮ್ಯುನಿಟಿ ಡೇಗೆ (ಒಂದೇ ಪೊಕೆಮಾನ್ ಜಾಸ್ತಿ ಸಿಗೋ ಇವೆಂಟ್ ದಿನ) ಅಂತ ಕೊಟ್ಟಿದ್ದು, ಮಾಮೂಲಿ ಟಿಎಂ ಪಟ್ಟೀಲಿ ಅದಿಲ್ಲ. ಎಲೀಟ್ ಚಾರ್ಜ್ಡ್ ಟಿಎಂ ಇದ್ರೆ ನೀನೇ ಪಟ್ಟಿಯಿಂದ ಆರಿಸ್ಬೋದು, ಇಲ್ಲಾಂದ್ರೆ ಆ ಮೂವ್ ವಾಪಸ್ ಕೊಡೋ ಇವೆಂಟ್ ಬಂದಾಗ ಒಂದು ಮಾರ್ಷ್‌ಟಾಂಪ್‌ನ (ಮಡ್‌ಕಿಪ್‌ಗೂ ಸ್ವಾಂಪರ್ಟ್‌ಗೂ ನಡುವಿನ ರೂಪ) ಇವಾಲ್ವ್ ಮಾಡು. ನಾನಾದ್ರೆ ಕಾಯ್ತೀನಿ, ಎಲೀಟ್ ಟಿಎಂ ಸುಲಭಕ್ಕೆ ಸಿಗಲ್ಲ. ಅಲ್ಲೀವರೆಗೆ ಅರ್ತ್‌ಕ್ವೇಕ್ ಇಟ್ಕೊಂಡು ಎರಡನೇ ಚಾರ್ಜ್ ಮೂವ್ ಅನ್‌ಲಾಕ್ ಮಾಡು, ಮಡ್‌ಕಿಪ್ ಥರದ ಸ್ಟಾರ್ಟರ್‌ಗಳಿಗೆಲ್ಲ 10,000 ಸ್ಟಾರ್‌ಡಸ್ಟು, 25 ಕ್ಯಾಂಡಿ, ಅಷ್ಟೇ. ಎರಡು ಮೂವ್ ಇದ್ರೆ ಎದುರಾಳಿಗೆ ಯಾವುದು ಬರುತ್ತೆ ಅಂತ ಗೊತ್ತಾಗಲ್ಲ, ಅಗ್ಗದ್ದು ಬಿಟ್ಟು ಶೀಲ್ಡ್ ಉದುರಿಸಿ ಆಮೇಲೆ ಅರ್ತ್‌ಕ್ವೇಕ್ ಇಳಿಸ್ಬೋದು.

ಒಂದು ಮಾತು ಮಾತ್ರ ನೇರವಾಗಿ ಹೇಳ್ತೀನಿ, ಏನೇ ಮೂವ್ ಹಾಕಿದ್ರೂ ವೀನಸಾರ್ ಎದುರು ಸ್ವಾಂಪರ್ಟ್ ನಿಲ್ಲಿಸ್ಬೇಡ. 2.56 ಹೋಗಲ್ಲ. ಅದನ್ನ ನೋಡಿದ ತಕ್ಷಣ ಚಾರಿಜಾರ್ಡ್ ಇಳಿಸು. ಫೈರ್ ಪ್ಲಸ್ ಫ್ಲೈಯಿಂಗ್, ಗ್ರಾಸ್ ಏಟು ಬರೀ 0.39 ತಾಗುತ್ತೆ, ನಿನ್ನ ಫೈರ್ ಸ್ಪಿನ್ 1.6. ಒಳಗೆ ಕರ್ಕೊಂಡ ಸ್ವಾಂಪರ್ಟ್‌ನ ಎನರ್ಜಿ ಎಲ್ಲೂ ಹೋಗಲ್ಲ, ವಾಪಸ್ ಬಂದಾಗ ಹಾಗೇ ಇರುತ್ತೆ. ಆದ್ರೆ ಒಂದ್ಸಲ ಬದಲಿಸಿದ್ಮೇಲೆ ಸ್ವಲ್ಪ ಹೊತ್ತು ಮತ್ತೆ ಬದಲಿಸಕ್ಕಾಗಲ್ಲ, ನೋಡ್ಕೊಂಡು ಮಾಡು.

ಎಣಿಸೋನು_ಮಲ್ಲೇಶ್ವರ:

ಬಳ್ಳಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಅಗ್ಗದ್ದು ಬಿಟ್ಟು ಶೀಲ್ಡ್ ಉದುರಿಸೋದು ಎದುರಿಗಿರೋನು ಎಣಿಸ್ತಿಲ್ಲ ಅಂದ್ರೆ ಮಾತ್ರ ನಡೆಯೋದು. ನಾನು ಎಣಿಸ್ತೀನಿ. ಒಂದು ಮೂವ್ ಏಟಿಗೆ 9 ಎನರ್ಜಿ ಕೊಡುತ್ತೆ, ಚಾರ್ಜ್‌ಗೆ 40 ಬೇಕು ಅಂದ್ಕೊ. ನಾಲ್ಕು ಏಟಿಗೆ 36, ಸಾಲಲ್ಲ, ಐದಕ್ಕೆ 45, ಒಂದು ಚಾರ್ಜ್ ಹೊಡೆದ್ಮೇಲೆ 5 ಉಳೀತು. ಆ 5 ಸೇರಿ ಮುಂದಿನ ಚಾರ್ಜ್‌ಗೆ ನಾಲ್ಕೇ ಏಟು ಸಾಕಾಗುತ್ತೆ. ಐದನೇ ಏಟಿಗೇ ಬಂದ್ರೆ ಅಗ್ಗದ ಮೂವು, ಎಂಟರವರೆಗೂ ಕಾದ ಅಂದ್ರೆ ದೊಡ್ಡದು ಬರೋ ಚಾನ್ಸ್ ಇದೆ, ಶೀಲ್ಡ್ ರೆಡಿ ಇಟ್ಕೊ. ಸೀಸನ್ ಬದಲಾದಾಗ ನಂಬರ್ ಬದಲಾಗುತ್ತಿರುತ್ತೆ, ಎಣಿಸೋ ರೀತಿ ಅದೇ.

ಇನ್ನೊಂದು, ಅವನ ಉದ್ದದ ಫಾಸ್ಟ್ ಮೂವ್ ನಡುವೆ ನೀನು ಚಾರ್ಜ್ ಬಿಟ್ರೆ ಅವನ ಮಿಕ್ಕ ಟರ್ನ್‌ಗಳು ಅವನಿಗೆ ಬಿಟ್ಟಿ ಸಿಕ್ಕಂಗೆ. ಅವನ ಏಟು ಮುಗಿಯೋ ಟರ್ನ್‌ಗೆ ಸರಿಯಾಗಿ ಬಿಡೋದು ಕಲಿ. ಇಬ್ರೂ ಒಂದೇ ಟರ್ನ್‌ಗೆ ಒತ್ತಿದ್ರೆ ಯಾರ ಅಟ್ಯಾಕ್ ಸ್ಟ್ಯಾಟ್ ಜಾಸ್ತಿಯೋ ಅವ್ರದ್ದು ಮೊದ್ಲು ಹೋಗುತ್ತೆ.

ಕೆಸರುಮೀನು_ಜಯನಗರ:

ಇವತ್ತು ಮತ್ತೆ ಅದೇ ಬೆಂಚು, ಅದೇ ಫ್ರೆಂಡು. ಅರ್ತ್‌ಕ್ವೇಕ್ ಜೊತೆ ಸರ್ಫ್ ಅನ್‌ಲಾಕ್ ಮಾಡಿದ್ದೆ. ವೀನಸಾರ್ ಮೂರನೇದಾಗಿ ಬಂತು, ಅಷ್ಟೊತ್ತಿಗೆ ಸ್ವಾಂಪರ್ಟ್ ಮಡ್ ಶಾಟ್‌ನಲ್ಲಿ ಕೂಡಿಸಿದ ಎನರ್ಜಿ ಇಟ್ಕೊಂಡೇ ಒಳಗೆ ಹೋಗಿತ್ತು, ಚಾರಿಜಾರ್ಡ್ ಇಳಿಸಿದೆ. ಬಾಯಲ್ಲಿ ಎಣಿಸ್ತಾ ಇದ್ದೆ, ಒಂದು, ಎರಡು, ಮೂರು ಅಂತ, ಬಳ್ಳಿ ಆರು ಸಲ ಬೀಸಿತು, ಆರಕ್ಕೆ ಸರಿಯಾಗಿ ಸ್ಕ್ರೀನ್ ನಿಂತು ಶೀಲ್ಡ್ ಕೇಳ್ತು. ಚಾರಿಜಾರ್ಡ್‌ಗೆ ಗ್ರಾಸ್ ತಾಗೋದು 0.39 ಅಂತ ನೆನಪಾಗಿ ಶೀಲ್ಡ್ ಹಾಕ್ಲಿಲ್ಲ, ಎಚ್‌ಪಿ ಸ್ವಲ್ಪ ಇಳೀತು ಅಷ್ಟೇ, ನಾನೇ ಗೆದ್ದೆ. ಫ್ರೆಂಡ್ ಫೋನ್ ಕೆಳಗಿಟ್ಟು ನೀನು ಯಾವಾಗಿಂದ ಎಣಿಸಕ್ಕೆ ಶುರು ಮಾಡಿದ್ದು ಅಂತ ಕೇಳ್ದ.

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ಭಾನುವಾರ ಸಂಜೆ 4ಕ್ಕೆ ಬ್ಯಾಂಡ್‌ಸ್ಟ್ಯಾಂಡ್ ಹತ್ರಾನೇ ಇರ್ತೀವಿ, ಬರೋರು ಬನ್ನಿ. ಆ ಟರ್ನ್ ಟೈಮಿಂಗ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ, ಯಾರಾದ್ರೂ ಪಕ್ಕ ಕೂತು ತೋರಿಸ್ಬೇಕು.

ಎಣಿಸೋನು_ಮಲ್ಲೇಶ್ವರ:

ಬರ್ತೀನಿ. ಪವರ್ ಬ್ಯಾಂಕ್ ತಗೊಂಡ್ ಬಾ, ಒಂದೆರಡು ಮ್ಯಾಚಲ್ಲಿ ಮುಗಿಯೋ ಪಾಠ ಅಲ್ಲ ಅದು.