ಅಜ್ಜನ ಮನೆಯ ತೊಲೆ ಹೊಸ ಮನೆಗೆ ಆಗುತ್ತಾ?

ಅಡ್ಮಿನ್: ಇವತ್ತು ಮರದ ಪ್ರಶ್ನೆಗಳಿಗೆ ಆರ್ಕಿಟೆಕ್ಟ್ ಮೇಡಂ ಉತ್ತರಿಸುತ್ತಾರೆ. ಊರಿನ ಹೆಸರು ಹಾಕಿ ಕೇಳಿ.

ಬೆಂಗಳೂರು: ಮುಂಬಾಗಿಲಿಗೆ ಬರ್ಮಾ ತೇಗ ಹಾಕಿಸಲಾ ಮೇಡಂ?

ಆರ್ಕಿಟೆಕ್ಟ್: ಎಲ್ಲಿಂದ ಬಂದ ಮರ ಅಂತ ಕಾಗದ ಕೇಳಿ. ಮ್ಯಾನ್ಮಾರ್ 2014ರಲ್ಲೇ ದಿಮ್ಮಿಗಳ ರಫ್ತು ನಿಲ್ಲಿಸಿದೆ. ಕಾಗದ ಇಲ್ಲದಿದ್ದರೆ ಬೇಡ. ನಮ್ಮ ತೋಟದ ಹಲಸು ಬಾಗಿಲಿಗೆ ಚೆನ್ನಾಗಿರುತ್ತದೆ.

ಸಾಗರ: ಮೇಡಂ, ಅಜ್ಜನ ಮನೆ ಬಿಚ್ಚುತ್ತಿದ್ದೇವೆ. ಮತ್ತಿ ಮರದ ಏಳು ತೊಲೆ ಸಿಕ್ಕಿವೆ, 8 ಇಂಚು ಎತ್ತರ. ಹೊಸ ಮನೆಯ ಅಟ್ಟಕ್ಕೆ ಅವನ್ನೇ ಹಾಕುವ ಆಸೆ. ಪೈಪ್ ಹೋಗಲು ತೊಲೆಯ ನಡುವೆ ಕೆಳಗಿನಿಂದ 2 ಇಂಚು ಕಚ್ಚು ತೆಗೆಯುತ್ತೇನೆ ಅಂತಾರೆ ಆಚಾರ್ರು. ತೆಗೆಸಬಹುದಾ?

ಆರ್ಕಿಟೆಕ್ಟ್: ದಯವಿಟ್ಟು ಇವತ್ತೇ ಅವರಿಗೆ ಬೇಡ ಅಂತ ಹೇಳಿ. ಭಾರ ಬಿದ್ದಾಗ ತೊಲೆಯ ಅಡಿಭಾಗದ ನಾರು ಎಳೆತಕ್ಕೆ ಸಿಗುತ್ತದೆ. ಆ ಎಳೆತ ನಡುವೆಯೇ ಎಲ್ಲಕ್ಕಿಂತ ಜಾಸ್ತಿ. 8 ಇಂಚಿನಲ್ಲಿ 2 ಇಂಚು ಹೋದರೆ ಅಲ್ಲಿ ಬಲ ಕಾಲು ಭಾಗವಲ್ಲ, ನೂರಕ್ಕೆ 44ರಷ್ಟು ಕಡಿಮೆಯಾಗುತ್ತದೆ. ಕಚ್ಚಿನ ಮೂಲೆಯಿಂದ ಸೀಳೂ ಶುರುವಾಗಬಹುದು. ಪೈಪ್ ತೊಲೆಯ ಕೆಳಗೇ ಹೋಗಲಿ, ಕಂಡರೂ ಪರವಾಗಿಲ್ಲ.

ಇನ್ನೊಂದು ವಿಷಯ. ಗೋಡೆಯೊಳಗೆ ಕೂತಿದ್ದ ತುದಿಗಳನ್ನು ನೋಡಿದಿರಾ? ಮಳೆಯ ತೇವ ಕುಡಿದು ಅವೇ ಮೊದಲು ಕೊಳೆಯುವುದು. ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಒಳಗೆ ಹೋದರೆ ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ. ಉಳಿದ ಉದ್ದ ನಿಮ್ಮ ಕೋಣೆಗೆ ಸಾಲುತ್ತಾ ಅಂತ ಆಮೇಲೆ ಲೆಕ್ಕ ಹಾಕಿ. ಮತ್ತೆ ಕೂರಿಸುವಾಗ ಅಡಿಗೆ ಕಲ್ಲು ಇಡಿ, ತುದಿಯ ಸುತ್ತ ಗಾಳಿಯಾಡಲು ಜಾಗ ಬಿಡಿ. ಸಿಮೆಂಟ್ ತುಂಬಬೇಡಿ.

ಹಸಿ ಮತ್ತಿ ಒಣಗುವಾಗ ಸೀಳು ಬಿಡುತ್ತದೆ. ನಿಮ್ಮದು ಯಾವತ್ತೋ ಒಣಗಿ ಮುಗಿದಿದೆ. ಇದಕ್ಕಾಗಿ ಒಂದು ಮರವೂ ಬೀಳಬೇಕಿಲ್ಲ. ಈ ತೊಲೆಗಳನ್ನು ಸುಮ್ನೆ ಹಾಳು ಮಾಡಬೇಡಿ.

ಹಾಸನ: ಎಫ್‌ಎಸ್‌ಸಿ ಗುರುತು, ಅಂದರೆ ಕಾಡು ಹಾಳು ಮಾಡದೆ ತಂದ ಮರ ಅನ್ನುವ ಮುದ್ರೆ, ಇದ್ದರೆ ಸಾಕಾ?

ಆರ್ಕಿಟೆಕ್ಟ್: ಬಿಲ್ಲಿನಲ್ಲಿ ಪ್ರಮಾಣಪತ್ರದ ನಂಬರ್ ಇರಬೇಕು. ಅದನ್ನು ಎಫ್‌ಎಸ್‌ಸಿ ಜಾಲತಾಣದಲ್ಲಿ ಹುಡುಕಿ. ಮರ ಒಣಗಿದೆಯಾ ಅಂತ ಆ ಗುರುತು ಹೇಳುವುದಿಲ್ಲ, ತೇವಾಂಶ ಬೇರೆಯಾಗಿ ಅಳೆಸಿ.

ಶಿರಸಿ: ಫಾರ್ವರ್ಡ್ ಬಂದಿದೆ: "ವೇಸ್ಟ್ ಆಯಿಲ್‌ಗೆ ಸೀಮೆಎಣ್ಣೆ ಬೆರೆಸಿ ಬಳಿದರೆ 100 ವರ್ಷ ಗೆದ್ದಲು ಬರಲ್ಲ." ಮಾಡಬಹುದಾ?

ಆರ್ಕಿಟೆಕ್ಟ್: ಬೇಡ. ಮಲಗುವ ಕೋಣೆಯ ಮರಕ್ಕೆ ಬೆಂಕಿ ಹತ್ತುವ ಎಣ್ಣೆ ಬಳಿಯುತ್ತೀರಾ? ಹಳೇ ಎಂಜಿನ್ ಆಯಿಲ್‌ನಲ್ಲಿ ವಿಷದ ಲೋಹಗಳಿರುತ್ತವೆ. ಪಾಲಿಶ್ ಕೂಡ ಹಿಡಿಯುವುದಿಲ್ಲ. ಮಳೆ ತಾಗದ ಒಳಗಿನ ಮರಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣ ಇದೆ, ತಿಳಿದವರಿಂದ ಮಾಡಿಸಿ. ಇಂಥ ಫಾರ್ವರ್ಡ್ ದಯವಿಟ್ಟು ಇಲ್ಲಿ ಹಾಕಬೇಡಿ.

ಮಂಡ್ಯ: ಬರ್ಮಾ ತೇಗ ಒಳ್ಳೇದಾ ಮೇಡಂ?

ಆರ್ಕಿಟೆಕ್ಟ್: ಮೇಲೆ ಓದಿ.

ತುಮಕೂರು: ಅಕೇಶಿಯಾ ತಗೊಳ್ಳಿ ಎಲ್ಲರೂ. ನೆಟ್ಟು ಬೆಳೆಸಿದ ಮರ, ಕಾಡಿಗೆ ತೊಂದರೆಯೇ ಇಲ್ಲ.

ಕೊಪ್ಪ: ತೊಂದರೆ ಇಲ್ವಾ? ಎಂಪಿಎಂ ಕಾಗದ ಕಾರ್ಖಾನೆಯ ಅಕೇಶಿಯಾ ತೋಪಿನ ಗುತ್ತಿಗೆ 2020ರಲ್ಲಿ ಮುಗಿದಾಗ ಸಹಜ ಕಾಡು ವಾಪಸ್ ಬೇಕು ಅಂತ ಮಲೆನಾಡಿನವರು ಯಾಕೆ ಹೋರಾಡಿದ್ದು?

ತುಮಕೂರು: ಹಾಗಾದರೆ ಕಬ್ಬಿಣದಲ್ಲೇ ಮನೆ ಕಟ್ಟಿ. ಅದಿರು ಎಲ್ಲಿಂದ ಬರುತ್ತೆ, ಬಳ್ಳಾರಿಯವರನ್ನು ಕೇಳಿ.

ಕೊಪ್ಪ: ನಮ್ಮೂರಿನ ಕಷ್ಟ ನಿಮಗೇನು ಗೊತ್ತು?

ಆರ್ಕಿಟೆಕ್ಟ್: ಇಬ್ಬರೂ ನಿಲ್ಲಿಸಿ. ರೈತರ ಹೊಲದ ಬದುವಿನಲ್ಲಿ ಬೆಳೆದ ಮರಕ್ಕೂ ಕಾಡು ಕಡಿದು ಹಾಕಿದ ತೋಪಿಗೂ ವ್ಯತ್ಯಾಸವಿದೆ. ಎಲ್ಲಿ ಬೆಳೆದದ್ದು ಅಂತ ಕೇಳದೆ ಬರೀ ಜಾತಿ ನೋಡಿ ಮರ ಆರಿಸಬೇಡಿ.

ಉಡುಪಿ: ಹಲಸಿನ ಹಲಗೆಗೆ ಕುಟ್ಟೆ ಹಿಡಿದಿದೆ, ಏನು ಮಾಡಲಿ?

ತುಮಕೂರು: ಮೇಡಂ ಕೊಪ್ಪದವರ ಪರ ಅಂತ ಗೊತ್ತಾಯ್ತು.

ಉಡುಪಿ: ಯಾರಾದರೂ ಹೇಳಿ...

ಸಾಗರ: ಮೇಡಂ, ಒಂದು ತೊಲೆಯ ತುದಿಗೆ ಸ್ಕ್ರೂಡ್ರೈವರ್ ಒಂದು ಇಂಚು ಒಳಗೆ ಹೋಯಿತು.

ಆರ್ಕಿಟೆಕ್ಟ್: ತುದಿಯಿಂದ ಎಷ್ಟು ದೂರದವರೆಗೆ ಮೆತ್ತಗಿದೆ? ಟೇಪ್ ಇಟ್ಟು ಫೋಟೋ ಕಳಿಸಿ. ನಾನು ನೋಡುವವರೆಗೆ ಅದನ್ನು ಮೇಲೆ ಕೂರಿಸಬೇಡಿ.