ಪದಚರ್ಚೆ: ‘ಐಚ್ಛಿಕ ಸ್ನಾಯು’ವಿಗೆ ಬೇರೆ ಪದವಿದೆಯೇ?

ಎಲ್ಲರಿಗೂ ನಮಸ್ಕಾರ.

ಮುಪ್ಪಿನಲ್ಲಿ ಮಿದುಳು ಕೈಕಾಲುಗಳನ್ನು ಆಡಿಸುವ ಬಗೆ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಬಿದ್ದಿದ್ದೇನೆ. ನಾವು ಬಯಸಿದಂತೆ ಆಡುವ ಸ್ನಾಯುವಿಗೆ ಪಠ್ಯಪುಸ್ತಕದ ಹೆಸರು ‘ಐಚ್ಛಿಕ ಸ್ನಾಯು’. ಆದರೆ ಪದವಿ ತರಗತಿಯಲ್ಲಿ ‘ಐಚ್ಛಿಕ ಕನ್ನಡ’ ಓದಿದವರಿಗೆ ಐಚ್ಛಿಕವೆಂದರೆ ಬೇಕಿದ್ದರೆ ಆರಿಸಿಕೊಳ್ಳುವಂಥದ್ದು. ಕರಡು ಓದಿದ ಗೆಳೆಯರೊಬ್ಬರು, ‘ಈ ಸ್ನಾಯು ಬೇಡವೆಂದರೆ ಬಿಡಬಹುದೇ?’ ಎಂದು ಕೇಳಿಯೇಬಿಟ್ಟರು.

ನನಗೆ ಹೊಳೆದದ್ದು ‘ಸ್ವಾಧೀನ’. ಸೂಜಿಗೆ ದಾರ ಪೋಣಿಸುವಾಗ ನನ್ನ ತಾಯಿ ‘ಬೆರಳು ಸ್ವಾಧೀನದಲ್ಲಿಲ್ಲ’ ಎನ್ನುತ್ತಾರೆ. ಲಕ್ವ ಹೊಡೆದವರನ್ನು ಕುರಿತು ‘ಕೈಕಾಲು ಸ್ವಾಧೀನ ತಪ್ಪಿದೆ’ ಎನ್ನುವುದು ಎಲ್ಲರೂ ಬಲ್ಲ ಮಾತು. ಅರ್ಥ ಇಷ್ಟು ನೇರವಾಗಿ ಕೂರುವ ಪದ ಬೇರೆ ಸಿಗಲಿಲ್ಲ. ಪತ್ರಿಕೆ ಓದುವವರಿಗೆ ಸ್ವಾಧೀನವೆಂದೊಡನೆ ರಸ್ತೆ ಅಗಲೀಕರಣಕ್ಕೆ ಹೋದ ಜಮೀನು ನೆನಪಾದೀತು ಎಂಬುದೊಂದೇ ಅಳುಕು. ‘ಹಿಡಿತ’ ಎನ್ನೋಣವೆಂದರೆ, ಮುಪ್ಪಿನ ಮಿದುಳನ್ನು ಪರೀಕ್ಷಿಸುವ ವೈಜ್ಞಾನಿಕ ಪ್ರಯೋಗಗಳಲ್ಲಿ ಎಷ್ಟೋ ಸಲ ಮಾಡಿಸುವ ಕೆಲಸವೇ ಮುಷ್ಟಿ ಹಿಡಿತ. ‘ಹಿಡಿತದ ಮೇಲಿನ ಹಿಡಿತ’ ಎಂದು ಬರೆಯಲು ನನಗೆ ಧೈರ್ಯವಿಲ್ಲ. (‘ಸ್ನಾಯು’ವೂ ಸಾಚಾ ಅಲ್ಲ; ಬಂಗಾಳಿಯಲ್ಲಿ ಅದು ನರ. ಆ ಜಗಳ ಇನ್ನೊಮ್ಮೆ ಆಡೋಣ.)

ಲೇಖನದಲ್ಲಿ ಬರುವ ಇನ್ನೊಂದು ಪದ ‘ಸಹಜ ಮುಪ್ಪು’. ಹಾಗೆಂದರೆ ಕಾಯಿಲೆಯಿಲ್ಲದ ಮುಪ್ಪು, ಅದರಲ್ಲಿ ತಕರಾರಿಲ್ಲ.

ಎರಡನೆಯ ತೊಡಕು ದೊಡ್ಡದು. ಎಳೆಯರು ಬಲಗೈ ಬೆರಳಾಡಿಸಿದರೆ ಮುಖ್ಯವಾಗಿ ಮಿದುಳಿನ ಎಡಭಾಗದ ಚಲನಾ ಕ್ಷೇತ್ರ (ಅಂಗಗಳನ್ನು ಆಡಿಸುವ ಜಾಗ) ಚುರುಕಾಗುತ್ತದೆ. ಅದೇ ಕೆಲಸಕ್ಕೆ ವಯಸ್ಸಾದವರಲ್ಲಿ ಬಲಭಾಗವೂ ಕೈಜೋಡಿಸುವುದುಂಟು. ಒಟ್ಟಿನಲ್ಲಿ ಚಟುವಟಿಕೆ ಹೆಚ್ಚು ಜಾಗಕ್ಕೆ ಹರಡಿರುತ್ತದೆ. ಕುಂದಿದ್ದನ್ನು ಮಿದುಳು ಹೀಗೆ ತುಂಬಿಕೊಳ್ಳುತ್ತದೆ ಎಂಬುದು ಒಂದು ವಿವರಣೆ. ಇದಕ್ಕಿರುವ ಇಂಗ್ಲಿಷ್ ಪದ ‘ಕಾಂಪೆನ್ಸೇಷನ್’ ಅನ್ನು ‘ಪರಿಹಾರ’ ಎಂದು ಅನುವಾದಿಸಿದ್ದನ್ನು ನೋಡಿದ್ದೇನೆ. ಓದಿದರೆ ನೆರೆ ಸಂತ್ರಸ್ತರ ಚೆಕ್ಕು ಕಣ್ಣಮುಂದೆ ಬರುತ್ತದೆ! ‘ಸರಿದೂಗಿಸುವಿಕೆ’ ನನಗೆ ಒಪ್ಪಿಗೆ: ತಕ್ಕಡಿಯ ಹಗುರ ತಟ್ಟೆಗೆ ಇನ್ನಷ್ಟು ಹಾಕುವ ಚಿತ್ರ ಅದರಲ್ಲೇ ಇದೆ.

ಆದರೆ ಆ ಪದ ಹಾಕಿದೊಡನೆ ನಾನು ಒಂದು ಪಕ್ಷ ಸೇರಿದಂತಾಗುತ್ತದೆ. 2002ರಲ್ಲಿ ಪ್ರಕಟವಾದ ಗುಂಡಿ ಒತ್ತುವ ಪ್ರಯೋಗವೊಂದರಲ್ಲಿ, ಬೇಗ ಪ್ರತಿಕ್ರಿಯಿಸಿದ ಹಿರಿಯರ ಮಿದುಳಿನಲ್ಲೇ ಚಟುವಟಿಕೆ ಹೆಚ್ಚಿತ್ತು. ಇದು ಸರಿದೂಗಿಸುವ ವಾದಕ್ಕೆ ಬಲ ಕೊಡುತ್ತದೆ. ಇನ್ನೊಂದು ಪಕ್ಷದವರು, ಇದು ಬರಿಯ ಸಡಿಲಿಕೆ, ಮಿದುಳಿನ ಭಾಗಗಳ ನಡುವಣ ಕೆಲಸದ ಗಡಿ ಮಸುಕಾದದ್ದರ ಗುರುತು ಎನ್ನುತ್ತಾರೆ. ಹಾಗಾಗಿ ಕಂಡದ್ದನ್ನು ಹೇಳುವಾಗ ‘ಹೆಚ್ಚುವರಿ ಚಟುವಟಿಕೆ’, ವಾದವನ್ನು ಹೇಳುವಾಗ ಮಾತ್ರ ‘ಸರಿದೂಗಿಸುವಿಕೆ’ ಎಂದು ಸದ್ಯಕ್ಕೆ ಬೇರ್ಪಡಿಸಿದ್ದೇನೆ.

ಕಲಬುರಗಿ, ಮಂಗಳೂರು ಕಡೆಯವರು ಕೈ ಹೇಳಿದಂತೆ ಕೇಳದಿದ್ದಾಗ ಏನೆನ್ನುತ್ತಾರೆ? ಅಲ್ಲೂ ‘ಸ್ವಾಧೀನ’ವೇ, ಬೇರೆ ಮಾತಿದೆಯೇ? ಬಲ್ಲವರು ತಿಳಿಸಬೇಕು.